ಬಣ್ಣದ ಚಿತ್ರ ಸಾಕು, ಡಿಸ್ಕ್ ಕೊಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆಯವರಿಗೆ ಬೆಂಗಳೂರಿನ ಕೆಲವು ಸ್ಕ್ಯಾನಿಂಗ್ ಸೆಂಟರ್‌ಗಳು ‘ನರಮಾರ್ಗದ ಸ್ಕ್ಯಾನ್’ ಎಂದು ಮಾಡಿಕೊಡುತ್ತಿರುವ ಡಿಟಿಐ ಎಂಬ ವಿಶೇಷ ಎಮ್‌ಆರ್‌ಐ ಬಗ್ಗೆ ಈ ಪತ್ರ. ತಮ್ಮ ಇಲಾಖೆಗೆ ಎರಡು ಸಲ ಅರ್ಜಿ ಕೊಟ್ಟಾಯಿತು. ಸ್ವೀಕೃತಿ ಸಂಖ್ಯೆ ಬಂತು, ಉತ್ತರ ಬರಲಿಲ್ಲ. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇವೆ.

ಮೊನ್ನೆ ಒಂದು ಕುಟುಂಬದವರು ತಂದ ಲಕೋಟೆಯಲ್ಲಿ ಇದ್ದದ್ದಿಷ್ಟು: ಮಿರಮಿರ ಮಿಂಚುವ ಕಾಗದದ ಮೇಲೆ ನಾಲ್ಕು ಬಣ್ಣದ ಚಿತ್ರ, ಒಂದು ಸಿಡಿ, ಒಂದೂವರೆ ಸಾಲಿನ ರಿಪೋರ್ಟ್. ‘ಎರಡೂ ಕಾರ್ಟಿಕೋಸ್ಪೈನಲ್ ಟ್ರ್ಯಾಕ್ಟ್‌ಗಳು ಕಾಣುತ್ತಿವೆ, ಸಹಜವಾಗಿವೆ.’ ಅಂದರೆ, ಚಲನೆಯ ಆಜ್ಞೆಯನ್ನು ಮಿದುಳಿನಿಂದ ಬೆನ್ನುಹುರಿಗೆ ಒಯ್ಯುವ ನರಮಾರ್ಗಗಳು. ಸಿಡಿಯೊಳಗೆ ಹುಡುಕಿದರೆ ಅದೇ ನಾಲ್ಕು ಚಿತ್ರ, ಜೆಪೆಗ್ ರೂಪದಲ್ಲಿ. “ನೀಲಿ ಚೆನ್ನಾಗಿ ಕಾಣ್ತಿದೆಯಲ್ಲ ಸಾರ್, ನರ ಚೆನ್ನಾಗಿದೆ ಅಂತ ತಾನೆ?” ಎಂದು ರೋಗಿಯ ಮಗ ಕೇಳಿದ. ಅಲ್ಲ. ಆ ಚಿತ್ರದಲ್ಲಿ ನೀಲಿ ಎಂದರೆ ಮೇಲಿಂದ ಕೆಳಕ್ಕೆ ಇಳಿಯುವ ತಂತು, ಕೆಂಪು ಎಂದರೆ ಎಡಬಲಕ್ಕೆ ಹೋಗುವುದು, ಹಸಿರು ಎಂದರೆ ಹಿಂದುಮುಂದಕ್ಕೆ. ಬಣ್ಣ ಹೇಳುವುದು ದಿಕ್ಕನ್ನು, ಆರೋಗ್ಯವನ್ನಲ್ಲ. ಅರ್ಧ ಸವೆದ ಮಾರ್ಗವೂ ನೀಲಿಯಾಗಿಯೇ ಕಾಣುತ್ತದೆ. ಬಣ್ಣ ನೋಡಬೇಕೆಂದಿದ್ದರೆ ಆ ಮನೆಯವರು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗುತ್ತಿದ್ದರು.

ಯಂತ್ರದಿಂದ ನೇರವಾಗಿ ಬರುವ, ಮತ್ತೆ ಅಳೆದು ನೋಡಬಹುದಾದ ಅಸಲಿ ಡೈಕಾಮ್ ಫೈಲುಗಳನ್ನು ಕೊಡಿ ಎಂದು ಸೆಂಟರಿಗೆ ಹೋದರೆ ಸಿಕ್ಕ ಉತ್ತರ: “ಅದನ್ನೆಲ್ಲ ಅಳಿಸಿ ಆಯ್ತು, ಬೇಕಿದ್ರೆ ಇನ್ನೊಂದ್ಸಲ ಮಾಡಿಸಿ.”

ಇನ್ನೊಂದು ಸಲ! ಆ ಮನುಷ್ಯನ ವಪೆ, ಅಂದರೆ ಉಸಿರಾಟದ ಮುಖ್ಯ ಸ್ನಾಯು, ಸೋತಿದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಜೊಲ್ಲು ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ. ಉಸಿರಾಟಕ್ಕೆ ನೆರವಾಗಲು ಮನೆಯಲ್ಲಿ ಹಾಕಿಕೊಳ್ಳುವ ಬೈಪ್ಯಾಪ್ ಯಂತ್ರವನ್ನು ಅಯಸ್ಕಾಂತದ ಕೋಣೆಯೊಳಗೆ ಒಯ್ಯುವಂತಿಲ್ಲ. ತೊಂದರೆಯಾದರೆ ಒತ್ತಿ ಎಂದು ಕೈಗೆ ಕೊಟ್ಟ ರಬ್ಬರ್ ಉಂಡೆಯನ್ನು ಒತ್ತುವ ಶಕ್ತಿಯೇ ಆ ಕೈಯಲ್ಲಿಲ್ಲ! ಹಿಡಿತ ಹೋದವರಿಗೆ ಆ ಉಂಡೆಯನ್ನು ಪಾದದಡಿಯಲ್ಲೋ ಮಂಡಿಗಳ ನಡುವೆಯೋ ಇಟ್ಟು, ಒತ್ತಿಸಿ ನೋಡಿ, ಆಮೇಲೆ ಒಳಗೆ ಕಳಿಸಬೇಕು. ಒಬ್ಬರು ಕೋಣೆಯಲ್ಲೇ ನಿಂತು ಮುಖ ನೋಡುತ್ತಿರಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಎರಡು ನಿಮಿಷ ಬೇಕು.

ಈ ಸ್ಕ್ಯಾನ್ ಏಕೆ ಎಂಬುದನ್ನೂ ಹೇಳಿಬಿಡುತ್ತೇವೆ. ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ಕೆಳಗಿನ ನರಕೋಶಗಳ ಹಾನಿಯನ್ನು ಇಎಂಜಿ, ಅಂದರೆ ಸ್ನಾಯುವಿನ ವಿದ್ಯುತ್ ಪರೀಕ್ಷೆ, ಹಿಡಿಯುತ್ತದೆ. ಮಿದುಳಿನಿಂದ ಇಳಿಯುವ ಮೇಲಿನ ಮಾರ್ಗಕ್ಕೆ ಇವತ್ತಿಗೂ ಮಂಡಿ ತಟ್ಟಿ ನೋಡುವ ವೈದ್ಯರ ಸುತ್ತಿಗೆಯೇ ಗತಿ. ಸ್ನಾಯು ತೀರಾ ಸವೆದ ಕಡೆ ಸುತ್ತಿಗೆಯ ಗುರುತುಗಳೂ ಮರೆಯಾಗುತ್ತವೆ. ನೀರಿನ ಅಣುಗಳು ತಂತುವಿನ ಉದ್ದಕ್ಕೆ ಎಷ್ಟು ಸಲೀಸಾಗಿ, ಅಡ್ಡಕ್ಕೆ ಎಷ್ಟು ಕಷ್ಟಪಟ್ಟು ಚಲಿಸುತ್ತವೆ ಎಂಬುದನ್ನು ಡಿಟಿಐ ಅಳೆಯುತ್ತದೆ. ಆ ಅಳತೆಯೇ ಎಫ್‌ಎ, 0ಯಿಂದ 1ರವರೆಗೆ; ಚಲನೆ ಒಂದೇ ದಿಕ್ಕಿಗೆ ಸೀಮಿತವಾದಷ್ಟೂ ಸಂಖ್ಯೆ 1ರ ಹತ್ತಿರ. ಈ ಕಾಯಿಲೆಯಲ್ಲಿ ಕಾರ್ಟಿಕೋಸ್ಪೈನಲ್ ಮಾರ್ಗದ ಎಫ್‌ಎ ಇಳಿಯುತ್ತದೆ. ಆದರೆ ಒಬ್ಬ ರೋಗಿಯ ಸಂಖ್ಯೆ ಆರೋಗ್ಯವಂತರ ಸಂಖ್ಯೆಗಳ ನಡುವೆಯೇ ಬಿದ್ದಿರಬಹುದು, ವಯಸ್ಸಾದಂತೆ ಎಲ್ಲರಲ್ಲೂ ಅದು ಇಳಿಯುತ್ತದೆ. 2020ರ ಗೋಲ್ಡ್ ಕೋಸ್ಟ್ ಮಾನದಂಡಗಳೂ ರೋಗನಿರ್ಣಯಕ್ಕೆ ಡಿಟಿಐ ಇರಲೇಬೇಕೆಂದು ಹೇಳುವುದಿಲ್ಲ. ಎಲ್ಲರಿಗೂ ಮಾಡಿಸಿ ಎಂದು ನಾವೂ ಕೇಳುತ್ತಿಲ್ಲ. ದುಡ್ಡು ತೆಗೆದುಕೊಂಡು ಮಾಡಿದ ಮೇಲೆ ಸಂಖ್ಯೆ ಕೊಡಿ, ಡಿಸ್ಕ್ ಕೊಡಿ ಎನ್ನುತ್ತಿದ್ದೇವೆ.

ಸಂಖ್ಯೆ ಇದ್ದರೂ, ಅದು ಹೇಗೆ ಬಂತು ಎಂದು ಬರೆಯದಿದ್ದರೆ ಪ್ರಯೋಜನವಿಲ್ಲ. ಲೆಕ್ಕಕ್ಕೆ ನೀರಿನ ಚಲನೆಯನ್ನು ಕನಿಷ್ಠ 6 ದಿಕ್ಕುಗಳಲ್ಲಿ ಅಳೆಯಬೇಕು. ನಂಬುವಂತಾಗಬೇಕಾದರೆ 30 ಅಥವಾ ಅದಕ್ಕಿಂತ ಹೆಚ್ಚು, ಬಿ ವ್ಯಾಲ್ಯೂ (ನೀರಿನ ಚಲನೆಗೆ ಚಿತ್ರ ಎಷ್ಟು ಸೂಕ್ಷ್ಮವಾಗಿರಬೇಕು ಎಂಬ ಅಳತೆ) 1000ದ ಸುತ್ತಮುತ್ತ, ಚಿತ್ರದ ಒಂದೊಂದು ಚುಕ್ಕೆಯೂ ಎಲ್ಲ ಬದಿ 2 ಮಿಲಿಮೀಟರಿನ ಘನ. 3 ಟೆಸ್ಲಾ ಯಂತ್ರದಲ್ಲಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ರೋಗಿಗೆ ಮಲಗುವ ತ್ರಾಣ ಇರುವಾಗಲೇ, ತಲೆಯ ಜಾಗ ಗೊತ್ತುಮಾಡುವ ಮೊದಲ ಚಿತ್ರ (ಲೊಕಲೈಸರ್) ಆದ ತಕ್ಷಣ ಇದನ್ನು ತೆಗೆಯಬೇಕು. ಕಡೆಗೆ ಇಟ್ಟುಕೊಂಡರೆ ಅಷ್ಟು ಹೊತ್ತಿಗೆ ತಲೆ ಅಲುಗಾಡಲು ಶುರುವಾಗಿರುತ್ತದೆ, ಕೆಲವು ಸ್ಲೈಸ್‌ಗಳು ಕಪ್ಪಾಗಿ ಬೀಳುತ್ತವೆ, ಎಫ್‌ಎ ತಪ್ಪುತ್ತದೆ. ಯಂತ್ರ ಚಿತ್ರವನ್ನು ಓದುವ ದಿಕ್ಕನ್ನು (ಫೇಸ್ ಎನ್‌ಕೋಡಿಂಗ್) ಎದುರುಬದುರು ಮಾಡಿ ಒಂದೆರಡು ಚಿತ್ರ ಹೆಚ್ಚಿಗೆ ತೆಗೆದರೆ ಮೂಗಿನ ಹಿಂದಿನ ಗಾಳಿಗೂಡುಗಳಿಂದಾಗುವ ಸೊಟ್ಟತನವನ್ನು ತಿದ್ದಬಹುದು. ಒಂದು ನಿಮಿಷದ ಕೆಲಸ, ಬಿಟ್ಟುಬಿಡುತ್ತಾರೆ.

ಇನ್ನು ಆ ‘ಕಾಣುತ್ತಿವೆ’ ಎಂಬ ಮಾತು. ಕೈ ಮತ್ತು ಮುಖದ ತಂತುಗಳು ಮೇಲ್ಭಾಗದಲ್ಲಿ ಬೇರೆ ತಂತುಗಳನ್ನು ಅಡ್ಡ ಹಾಯುವುದರಿಂದ ಸಾಧಾರಣ ಟ್ರ್ಯಾಕ್ಟೋಗ್ರಫಿ, ಅಂದರೆ ಡಿಟಿಐಯಿಂದ ತಂತುಗಳ ಎಳೆ ಬಿಡಿಸುವ ಲೆಕ್ಕ, ಅವನ್ನು ಆರೋಗ್ಯವಂತರಲ್ಲೂ ಕಾಣಿಸುವುದಿಲ್ಲ. ಎಳೆ ಕಾಣದಿದ್ದರೆ ಸತ್ತಿದೆ ಎಂದಲ್ಲ, ಕಂಡರೆ ಗಟ್ಟಿಯಾಗಿದೆ ಎಂದೂ ಅಲ್ಲ. ಈ ಮಾರ್ಗ ಮಿದುಳಿನಲ್ಲಿ ಹಾದುಹೋಗುವ ಎರಡು ಜಾಗಗಳಾದ ಇಂಟರ್ನಲ್ ಕ್ಯಾಪ್ಸೂಲ್‌ನ ಹಿಂಭಾಗದಲ್ಲಿ, ಪೆಡಂಕಲ್‌ನಲ್ಲಿ, ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಎಫ್‌ಎ ಬರೆಯಲಿ. ಆರು ತಿಂಗಳ ಮೇಲೆ ಹೋಲಿಸುವುದಿದ್ದರೆ ಅದೇ ಯಂತ್ರ, ಅದೇ ಪ್ರೋಟೋಕಾಲ್ ಇರಲಿ. ಯಂತ್ರ ಬದಲಾದರೆ ಕಾಯಿಲೆ ಮುಂದುವರಿಯದಿದ್ದರೂ ಸಂಖ್ಯೆ ಬದಲಾಗುತ್ತದೆ, ಮನೆಯವರು ಕಂಗಾಲಾಗುತ್ತಾರೆ.

ಇದಕ್ಕಿಂತ ಕೆಟ್ಟದ್ದೊಂದಿದೆ. ಕತ್ತಿನ ಬಳಿ ಬೆನ್ನುಹುರಿ ಒತ್ತಿಹೋಗಿದ್ದರೂ ಇದೇ ಕಾಯಿಲೆಯಂತೆ ಕಾಣಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯ ದಾರಿಯಿದೆ. ಬಣ್ಣದ ಡಿಟಿಐ ಮಾರಿ, ಕತ್ತಿನ ಮಾಮೂಲಿ ಎಮ್‌ಆರ್‌ಐ ಬಿಟ್ಟ ಪ್ಯಾಕೇಜನ್ನು ಏನೆಂದು ಕರೆಯಬೇಕೋ ತಾವೇ ಹೇಳಿ.

ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ 2002ರ ವೈದ್ಯಕೀಯ ನಡತೆಯ ನಿಯಮ ತಮಗೆ ನಾವು ಹೇಳಿಕೊಡಬೇಕಾದದ್ದಲ್ಲ. ಈ ಸೆಂಟರ್‌ಗಳು ಗೋಡೆಗೆ ತೂಗುಹಾಕಿರುವುದು ತಮ್ಮದೇ ಇಲಾಖೆಯ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ. ಜಾಗ ಸಾಲದು ಎಂಬ ನೆಪವೂ ನಡೆಯುವುದಿಲ್ಲ: 30 ದಿಕ್ಕಿನ ಒಂದು ಡಿಟಿಐ ಎಂದರೆ ಸುಮಾರು ಎರಡು ಸಾವಿರ ಪುಟ್ಟ ಚಿತ್ರ, ಒಂದೇ ಸಿಡಿಯಲ್ಲಿ ಹಿಡಿಸಿ ಜಾಗ ಮಿಗುತ್ತದೆ.

ಆದ್ದರಿಂದ ಒಂದು ಸುತ್ತೋಲೆ ಹೊರಡಿಸಿ. ಡೈಕಾಮ್ ಡಿಸ್ಕ್ ಅದೇ ದಿನ ರೋಗಿಯ ಕೈಗೆ. ರಿಪೋರ್ಟಿನಲ್ಲಿ ದಿಕ್ಕುಗಳ ಸಂಖ್ಯೆ, ಬಿ ವ್ಯಾಲ್ಯೂ, ಎಡಬಲದ ಎಫ್‌ಎ. ಡಿಸ್ಕ್ ಕೊಡದ ಸ್ಕ್ಯಾನಿಗೆ ಬಿಲ್ಲಿಲ್ಲ. ಕರಡು ಬೇಕಿದ್ದರೆ ನಾವೇ ಬರೆದುಕೊಡುತ್ತೇವೆ, ಒಂದು ಪುಟ ದಾಟುವುದಿಲ್ಲ. ಸಹಿ ಮಾತ್ರ ತಮ್ಮದಾಗಬೇಕು.

ಇಂತಿ,
ಎಮ್‌ಆರ್‌ಐ ಕೋಣೆಗಳಲ್ಲಿ ಕೆಲಸ ಮಾಡುವ ಕೆಲವರು
ಬೆಂಗಳೂರು