ಜಿಮ್ ಫೀ ಕಟ್ಟಿದ ಗೆಳೆಯನಿಗೊಂದು ಪತ್ರ

ಗೆಳೆಯಾ,

ಬೆಳಗಾವಿಯ ಟಿಳಕವಾಡಿಯಲ್ಲಿ ಜಿಮ್ ಸೇರಿ ಇಡೀ ವರ್ಷದ ಫೀ ಒಮ್ಮೆಗೇ ಕಟ್ಟಿದೆ ಎಂದು ಹೇಳಿದೆಯಲ್ಲ, ಒಳ್ಳೆಯದೇ ಆಯ್ತು. ರೊಕ್ಕ ಹೋದರೂ ಮನಸ್ಸಾದರೂ ಮಾಡಿದೆ. ಆದರೆ "ಮೂರು ತಿಂಗಳಾಗ ಹದಿನೈದು ಕಿಲೋ ಇಳಸ್ತೀವಿ ಅಂದಾರ" ಎಂದೆ ನೋಡು, ಅಲ್ಲಿ ನನಗೆ ಕಿರಿಕಿರಿ ಆಯ್ತು. ಫೋನಿನಲ್ಲಿ ಬಿಡಿಸಿ ಹೇಳೋಣ ಎಂದರೆ ನಿನ್ನ ಅಂಗಡಿಗೆ ಗಿರಾಕಿ ಬಂದುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೆಸರು ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ಬೇಜಾರಾಗಬೇಡ, ನಮ್ಮ ಬ್ಯಾಚಿನ ಅರ್ಧ ಮಂದಿಯ ಹೊಟ್ಟೆ ನಿನ್ನದರಂತೆಯೇ ಇದೆ.

ಆ ಹದಿನೈದು ಕಿಲೋದ ಲೆಕ್ಕ ಮೊದಲು ನೋಡೋಣ. ನೀನು ವ್ಯಾಪಾರಸ್ಥ, ಲೆಕ್ಕ ಬೇಗ ತಿಳಿಯುತ್ತೆ. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕಿಲೋಕ್ಯಾಲೊರಿ. ಹದಿನೈದು ಕಿಲೋ ಕೊಬ್ಬನ್ನು ತೊಂಬತ್ತು ದಿನದಲ್ಲಿ ಕರಗಿಸಬೇಕೆಂದರೆ ದಿನಕ್ಕೆ ಸುಮಾರು 1,300 ಕಿಲೋಕ್ಯಾಲೊರಿ ಕೊರತೆ ಬೀಳಬೇಕು. ನಿನ್ನಂಥ ಮೈಕಟ್ಟಿನವನು ಒಂದು ತಾಸು ಚುರುಕಾಗಿ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ 250. ಅಂದರೆ ದಿನಾ ಐದು ತಾಸು ನಡೆಯಬೇಕು, ಇಲ್ಲಾ ಊಟ ಅರ್ಧಕ್ಕಿಂತ ಕೆಳಗೆ ಇಳಿಸಬೇಕು. ಮೊದಲನೆಯದಕ್ಕೆ ನಿನಗೆ ಪುರುಸೊತ್ತಿಲ್ಲ. ಎರಡನೆಯದನ್ನು ಮಾಡಿದರೆ ತೂಕವೇನೋ ಇಳಿಯುತ್ತೆ, ಜೊತೆಗೆ ಸ್ನಾಯುವೂ ಹೋಗುತ್ತೆ. ಆಮೇಲೆ ಹಸಿವು ತಡೆಯಲಾರದೆ ಬಿಟ್ಟ ದಿನ ಕೊಬ್ಬು ಮಾತ್ರ ವಾಪಸ್ ಬರುತ್ತೆ.

ಇನ್ನೊಂದು. ನೀನು ಆಲಸಿ ಎಂದು ನಿನ್ನನ್ನೇ ಬೈದುಕೊಳ್ಳುವುದನ್ನು ಬಿಡು. ಬೆಳಿಗ್ಗೆ ಹತ್ತಕ್ಕೆ ಖಡೇಬಜಾರಿನಲ್ಲಿ ಅಂಗಡಿ ತೆಗೆದರೆ ರಾತ್ರಿ ಹತ್ತರವರೆಗೆ ಗಾದಿ ಬಿಡುವುದಿಲ್ಲ. ಆಲಸಿಗಳು ಹನ್ನೆರಡು ತಾಸು ದುಡಿಯುತ್ತಾರಾ? ದುಡಿಮೆ ಕಡಿಮೆ ಆಗಿಲ್ಲ, ದುಡಿಮೆಯಲ್ಲಿ ಮೈ ಅಲುಗಾಡುವುದು ಕಡಿಮೆ ಆಗಿದೆ. ನಿಮ್ಮಪ್ಪ ಸೈಕಲ್ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಸಂತೆ ಸಂತೆ ತಿರುಗಿದವರು. ಅವರ ಗಂಗಾಳದಲ್ಲಿ ಇದ್ದದ್ದೇ ನಿನ್ನ ಗಂಗಾಳದಲ್ಲೂ ಇದೆ, ಅದರ ಮೇಲೆ ಅನ್ನ, ಬೇಕರಿ, ತಂಪು ಪಾನೀಯ ಸೇರಿವೆ. ಸೈಕಲ್ ಮಾತ್ರ ಹೋಯಿತು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯಿಂದ ದೇಶಕ್ಕೆ ಎಷ್ಟೊಂದು ಸೈಕಲ್ ಪಟುಗಳು ಹೋಗಿದ್ದಾರೆ! ಅದೇ ಊರಿನಲ್ಲಿ ಕಾಲೇಜು ಹುಡುಗರು ಮುಂದಿನ ಗಲ್ಲಿಗೆ ಹೋಗಲೂ ಬೈಕ್ ಕಿಕ್ ಹೊಡೆಯುತ್ತಾರೆ. ದೈಹಿಕ ಶಿಕ್ಷಕನಾಗಿ ದಿನಾ ನೋಡುತ್ತೇನಲ್ಲ.

ಈಗ ರೊಟ್ಟಿಯ ವಿಷಯ. ನನ್ನ ಹತ್ತಿರ ಯಾರೇ ತೂಕದ ಮಾತು ಎತ್ತಿದರೂ ಮೊದಲು ಹೇಳುವುದು "ಸರ್, ಅನ್ನ ಬಿಟ್ಟೀನಿ, ಬರೀ ರೊಟ್ಟಿ" ಎಂದು. ನಮ್ಮ ಬಿಳಿಜೋಳದ ಮೇಲೆ ನನಗೂ ಅಭಿಮಾನ ಇದೆ, ಆದರೆ ಅದು ಔಷಧ ಅಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 335 ಕಿಲೋಕ್ಯಾಲೊರಿ ಇದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 355. ವ್ಯತ್ಯಾಸ ಒಂದು ಬಿಸ್ಕತ್ತಿನಷ್ಟೂ ಇಲ್ಲ. ಜೋಳ ಗೆಲ್ಲುವುದು ನಾರಿನಲ್ಲಿ. ಜೋಳದಲ್ಲಿ ನೂರು ಗ್ರಾಂಗೆ ಹತ್ತು ಗ್ರಾಂ ನಾರು, ಅಕ್ಕಿಯಲ್ಲಿ ಮೂರೂ ಇಲ್ಲ. ರೊಟ್ಟಿಯನ್ನು ಅಗಿಯಬೇಕು, ಹೊಟ್ಟೆ ಬೇಗ ತುಂಬುತ್ತೆ, ಮತ್ತೆ ಹಸಿವಾಗುವುದು ತಡ. ಇಷ್ಟೇ ಅದರ ಗುಟ್ಟು. ಹಾಗಂತ ಎರಡು ರೊಟ್ಟಿ ತಿನ್ನುವ ಹೊಟ್ಟೆಗೆ ನಾಲ್ಕು ಹಾಕಿದರೆ ಜೋಳ ಏನು ಮಾಡೀತು?

ಅಸಲು ಕಥೆ ಇರುವುದು ರೊಟ್ಟಿಯ ಪಕ್ಕದಲ್ಲಿ. ಎಣ್ಣೆಗಾಯಿ ಬದನೆ, ಅದರ ಮೇಲೆ ತೇಲುವ ಎಣ್ಣೆ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಅದಕ್ಕೆ ಗುಂಡಿ ಮಾಡಿ ಮತ್ತೆ ಹಸಿ ಎಣ್ಣೆ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಜುಣಕದ ವಡೆ. ಒಂದೊಂದೂ ಒಳ್ಳೆಯ ಆಹಾರವೇ, ಹೊಲದಲ್ಲಿ ದುಡಿಯುವವನಿಗೆ ಅಷ್ಟು ಎಣ್ಣೆ ಬೇಕಾಗಿಯೂ ಇತ್ತು. ಎಣ್ಣೆ ಗ್ರಾಂಗೆ 9 ಕಿಲೋಕ್ಯಾಲೊರಿ, ಹಿಟ್ಟು ಮತ್ತು ಬೇಳೆಯ ಎರಡು ಪಟ್ಟಿಗಿಂತ ಜಾಸ್ತಿ. ದೊಡ್ಡ ಚಮಚದಲ್ಲಿ ಎರಡು ಚಮಚ ಎಣ್ಣೆ ಎಂದರೆ ನೀನು ಟ್ರೆಡ್‌ಮಿಲ್ ಮೇಲೆ ಒಂದು ತಾಸು ನಡೆದದ್ದು ಮುಗಿಯಿತು. ಪಲ್ಯ ಬಿಡು ಎನ್ನುತ್ತಿಲ್ಲ. ಮೇಲಿನ ಎಣ್ಣೆ ಬಸಿದು ತಿನ್ನು, ಹಿಂಡಿಗೆ ಎಣ್ಣೆ ಬದಲು ಮೊಸರು ಕಲಸು, ಪುಂಡಿಪಲ್ಯ, ಮೆಂತ್ಯ ಪಲ್ಯ, ಹಸಿ ಸೌತೆ, ಮೂಲಂಗಿ ಜಾಸ್ತಿ ಮಾಡು. ಮಡಕಿ ಕಾಳಿನ ಉಸಳಿ ವಾರಕ್ಕೆ ಮೂರು ನಾಲ್ಕು ಸಲ ಇರಲಿ. ಕೊನೆಗೆ "ಎರಡು ತುತ್ತು ಅನ್ನ" ಎಂದು ಅರ್ಧ ತಾಟು ಬಡಿಸಿಕೊಳ್ಳುತ್ತೀಯಲ್ಲ, ಅದು ನಿಜವಾಗಿಯೂ ಎರಡು ತುತ್ತಾಗಿರಲಿ.

ಚಾ. ದಿನಕ್ಕೆ ಎಂಟು ಕಪ್ ಎಂದು ನೀನೇ ಒಪ್ಪಿದ್ದೀಯ, ಗಿರಾಕಿಗೆ ತರಿಸಿದಾಗೆಲ್ಲ ನಿನಗೂ ಒಂದು. ಕಪ್ಪಿಗೆ ಎಂಟು ಗ್ರಾಂ ಎಂದು ಹಿಡಿದರೂ 64 ಗ್ರಾಂ ಸಕ್ಕರೆ, ಹಾಲು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಲೆಕ್ಕದಲ್ಲಿ ಮೇಲಿಂದ ಸೇರಿಸುವ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25ರೊಳಗೆ ಇದ್ದರೆ ಇನ್ನೂ ಚೆನ್ನ. "ನಾ ಬೆಲ್ಲದ ಚಾ ಕುಡೀತೀನಿ" ಎಂದು ಈಗ ಹೊಸ ವರಸೆ ಶುರುವಾಗಿದೆ. ಮಹಾಲಿಂಗಪುರದ ಬೆಲ್ಲ ಎಷ್ಟೇ ರುಚಿ ಇರಲಿ, ಕ್ಯಾಲೊರಿಯಲ್ಲಿ ಅದು ಸಕ್ಕರೆಯ ಖಾಸಾ ತಮ್ಮ. ಸುತ್ತ ಕಬ್ಬು, ನಡುವೆ ಕಾರ್ಖಾನೆ ಇರುವ ಸೀಮೆಯಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ, ನಗಲಿ. ಕುಂದಾ, ಕರದಂಟು ಹಬ್ಬಕ್ಕೆ ತಿನ್ನು, ಯಾರೂ ಬೇಡ ಎನ್ನುವುದಿಲ್ಲ. ಅಂಗಡಿಯ ಡ್ರಾಯರಿನಲ್ಲಿ ಡಬ್ಬಿ ಇಡಬೇಡ, ಅಷ್ಟೇ.

ಬೇಕರಿ, ಚಿಪ್ಸ್, ಪ್ಯಾಕೆಟ್ ತಿಂಡಿ ಬಗ್ಗೆ ಒಂದು ಪ್ರಯೋಗ ಹೇಳುತ್ತೇನೆ. 2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಎಂಬ ಸಂಶೋಧಕ ಮತ್ತು ಅವರ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ ಎರಡು ವಾರ ಕಾರ್ಖಾನೆಯ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟರು. ಎರಡರಲ್ಲೂ ಬಡಿಸಿದ ಸಕ್ಕರೆ, ಕೊಬ್ಬು, ನಾರು ಹೆಚ್ಚುಕಡಿಮೆ ಸಮ. ಬೇಕಾದಷ್ಟು ತಿನ್ನಿ ಎಂದರು. ಕಾರ್ಖಾನೆಯ ಆಹಾರ ಇದ್ದಾಗ ಅದೇ ಜನ ದಿನಕ್ಕೆ 500 ಕಿಲೋಕ್ಯಾಲೊರಿ ಜಾಸ್ತಿ ತಿಂದರು, ಎರಡು ವಾರದಲ್ಲಿ ಒಂದು ಕಿಲೋದ ಹತ್ತಿರ ತೂಕ ಏರಿತು. ಅವರಿಗೆ ಮನೋಬಲ ಇರಲಿಲ್ಲ ಅಂತಲ್ಲ. ತಿನಿಸೇ ಹಾಗೆ, ಬೇಗ ಒಳಗೆ ಹೋಗುತ್ತೆ, ಸಾಕು ಅನ್ನಿಸುವಷ್ಟರಲ್ಲಿ ತಟ್ಟೆ ಖಾಲಿ.

ನಿನ್ನ ಮೊಬೈಲಿನಲ್ಲಿ "ಬೊಜ್ಜು ಅಲ್ಲ, ಸ್ವಲ್ಪ ತೂಕ ಜಾಸ್ತಿ" ಎಂದು ಬಂತು ಅಂತ ಖುಷಿಪಟ್ಟೆ. 170 ಸೆಂಟಿಮೀಟರ್ ಎತ್ತರ, 86 ಕಿಲೋ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30ಕ್ಕೆ ಕೂದಲೆಳೆ ಕಡಿಮೆ. ಆ ಆ್ಯಪ್ ನೋಡುವುದು ಬೇರೆ ದೇಶದವರ ಅಳತೆ, ಅದರಲ್ಲಿ 30ರಿಂದ ಬೊಜ್ಜು. ನಮ್ಮ ಡಾಕ್ಟರುಗಳು ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದೇ ಹಿಡಿಯುತ್ತಾರೆ. ಅದಕ್ಕೆ ಕಾರಣ ಇದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಮ್ಮದೇ ಫೋಟೋವನ್ನು ಬ್ರಿಟಿಷ್ ಸ್ನೇಹಿತ ಜಾನ್ ಯುಡ್ಕಿನ್ ಜೊತೆ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2! ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮ ಮಕ್ಕಳು ಹುಟ್ಟುವಾಗಲೇ ತೂಕ ಕಡಿಮೆ, ಸ್ನಾಯು ಕಡಿಮೆ ಇದ್ದರೂ ಕೊಬ್ಬು ಅಷ್ಟಾಗಿ ಕಡಿಮೆ ಇರುವುದಿಲ್ಲ ಎಂಬುದನ್ನೂ ಅವರ ತಂಡ ತೋರಿಸಿತು. ಹಾಗಾಗಿ ತೂಕದ ಮಷಿನ್ ಬಿಟ್ಟು ಟೇಪ್ ತಗೋ, ನಿನ್ನ ಅಂಗಡಿಯಲ್ಲಿ ಟೇಪಿಗೇನು ಬರ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಹೊಟ್ಟೆ ಒಳಗೆ ಎಳೆದುಕೊಂಡು ಅಳೆಯಬೇಡ ಮತ್ತೆ.

ಬೊಜ್ಜಿನ ಹಿಂದೆ ವಂಶ, ಹಾರ್ಮೋನು, ಔಷಧ ಇಲ್ಲವೇ ಎಂದರೆ, ಇವೆ. ಒಂದೇ ಮನೆಯಲ್ಲಿ ಒಂದೇ ಊಟ ತಿಂದು ಅಣ್ಣ ದಪ್ಪ, ತಮ್ಮ ಸಣ್ಣ ಇರುವುದು ಸುಮ್ನೆ ಅಲ್ಲ. ಥೈರಾಯ್ಡ್ ಕಡಿಮೆ ಆದರೆ ತೂಕ ಏರುತ್ತೆ, ಆದರೆ ಜನ ಅದರ ಮೇಲೆ ಹಾಕುವಷ್ಟು ಏರುವುದಿಲ್ಲ. ಮೊಣಕಾಲು ನೋವಿಗೆಂದು ಯಾರ್ಯಾರೋ ಕೊಡುವ ಹೆಸರಿಲ್ಲದ ಪುಡಿ, ಗುಳಿಗೆಯಲ್ಲಿ ಸ್ಟಿರಾಯ್ಡ್ ಇದ್ದರೆ ಮುಖ, ಹೊಟ್ಟೆ ಊದಿಕೊಳ್ಳುತ್ತೆ. ನಿಮ್ಮ ಅವ್ವ ಅಂಥದ್ದೇನಾದರೂ ತಗೋತಿದ್ದರೆ ಡಾಕ್ಟರಿಗೆ ತೋರಿಸು, ತಾನೇ ಥಟ್ಟನೆ ನಿಲ್ಲಿಸುವುದೂ ಅಪಾಯ. ಮತ್ತೆ ನಿನ್ನ ನಿದ್ದೆ. ರಾತ್ರಿ ಹನ್ನೊಂದಕ್ಕೆ ಊಟ, ಆಮೇಲೆ ಒಂದೂವರೆವರೆಗೆ ಮೊಬೈಲ್. ನಿದ್ದೆ ಕೆಟ್ಟರೆ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತೆ, ಸಾಕು ಎನ್ನುವ ಲೆಪ್ಟಿನ್ ಇಳಿಯುತ್ತೆ. ಮರುದಿನ ಸಂಜೆ ಮಿರ್ಚಿ ಭಜಿ ಗಾಡಿ ಕಂಡರೆ ಕಾಲು ತಾನೇ ನಿಲ್ಲುವುದಕ್ಕೆ ಅದೂ ಒಂದು ಕಾರಣ.

ಹಾಗಾದರೆ ಜಿಮ್ ಯಾಕೆ ಎನ್ನುತ್ತೀಯಾ? ಹೋಗಬೇಕು. ತೂಕಕ್ಕಲ್ಲ, ಸ್ನಾಯುವಿಗೆ. ನಲವತ್ತು ದಾಟಿದ ಮೇಲೆ ಸ್ನಾಯು ವರ್ಷ ವರ್ಷ ಕರಗುತ್ತೆ. ಊಟದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಜಾಗವೇ ಸ್ನಾಯು, ಅದು ಕಡಿಮೆ ಆದಷ್ಟೂ ಮಧುಮೇಹ ಹತ್ತಿರ. ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಭಾರ ಎತ್ತುತ್ತಿದ್ದರೆ ಸ್ನಾಯು ಉಳಿಯುತ್ತೆ, ಇಳಿದ ತೂಕ ಮತ್ತೆ ಏರದಂತೆ ತಡೆಯಲೂ ವ್ಯಾಯಾಮ ಬೇಕೇ ಬೇಕು. ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆ, ಎರಡು ದಿನವಾದರೂ ಭಾರದ ವ್ಯಾಯಾಮ, ಇದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ನೀನು ಮಾಡುತ್ತಿರುವುದು ಉಲ್ಟಾ: ನಲವತ್ತು ನಿಮಿಷ ಟ್ರೆಡ್‌ಮಿಲ್, ಆಮೇಲೆ ಹೊಟ್ಟೆ ಕರಗಲಿ ಎಂದು ನೂರು ಸಿಟಪ್. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯದೇ ಕೊಬ್ಬು ಕರಗುವುದಿಲ್ಲ. ನಡಿಗೆಗೆ ರೊಕ್ಕ ಯಾಕೆ? ಬೆಳಿಗ್ಗೆ ವ್ಯಾಕ್ಸಿನ್ ಡಿಪೋ ಮೈದಾನದ ಮರಗಳ ನಡುವೆ ನಡೆ, ಬೆಳಗಾವಿಯ ಆ ಗಾಳಿ ನಮಗೆ ಇಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಜಿಮ್‌ನಲ್ಲಿ ಸ್ಕ್ವಾಟ್, ನೆಲದಿಂದ ಭಾರ ಎತ್ತುವುದು, ತಳ್ಳುವುದು, ಎಳೆಯುವುದು ಇವನ್ನು ಸರಿಯಾಗಿ ಕಲಿತುಕೋ.

ನಮ್ಮ ತಾಲೀಮಿನ ಪೈಲ್ವಾನರು ನೆನಪಿರಬೇಕು. ಕುಸ್ತಿ ಹಿಡಿಯುವಾಗ ಹಾಲು, ತುಪ್ಪ, ಬಾದಾಮಿ ಎಲ್ಲಾ ಮೈಗೆ ಹತ್ತುತ್ತಿತ್ತು. ಕುಸ್ತಿ ಬಿಟ್ಟರು, ಹಾಲು ಬಿಡಲಿಲ್ಲ. ಆನಂದವಾಡಿಯ ಅಖಾಡದಲ್ಲಿ ಮುಂದಿನ ಸಾಲಿನಲ್ಲಿ ಪಟಕಾ ಸುತ್ತಿ ಕೂತ ಹಳಬರ ಹೊಟ್ಟೆ ನೋಡಿದರೆ ನಾನು ಹೇಳುವುದು ಗೊತ್ತಾಗುತ್ತೆ. ಜಿಮ್ ಹುಡುಗರದ್ದೂ ಇದೇ ಕಥೆ, ಹಾಲಿನ ಬದಲು ಪ್ರೋಟೀನ್ ಪೌಡರ್. ಆ ಡಬ್ಬಿ ನಿನಗೆ ಈಗ ಬೇಡ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು, ಭಾರ ಎತ್ತುವವನಿಗೆ ಸ್ವಲ್ಪ ಜಾಸ್ತಿ ಇರಲಿ. ಮೊಟ್ಟೆಯಲ್ಲಿ ಆರು ಗ್ರಾಂ, ನೂರು ಗ್ರಾಂ ತೊಗರಿ ಬೇಳೆಯಲ್ಲಿ 22. ಬೇಳೆ, ಕಾಳು, ಮೊಸರು, ಮೊಟ್ಟೆಯಲ್ಲೇ ಸುಮಾರು ಮುಗಿಯುತ್ತೆ. ಬೆವರು ಹರಿಸುವ ಬೆಲ್ಟ್, 'ಫ್ಯಾಟ್ ಬರ್ನರ್' ಗುಳಿಗೆ ಯಾವನಾದರೂ ಹಿಡಿಸಲು ಬಂದರೆ ದೂರ ಇರು. ಬೆಲ್ಟಿನಿಂದ ಇಳಿಯುವುದು ನೀರು, ಎರಡು ಗ್ಲಾಸ್ ಕುಡಿದರೆ ಮತ್ತೆ ಅಲ್ಲೇ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ನೀನು ಕೇಳಿದ್ದೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ವಾರಕ್ಕೊಂದು ಚುಚ್ಚುವ ಔಷಧಗಳು 2025ರಿಂದ ತೂಕ ಇಳಿಸಲೆಂದೇ ನಮ್ಮ ದೇಶದಲ್ಲೂ ಮಾರಾಟಕ್ಕಿವೆ. ಕೆಲಸ ಮಾಡುತ್ತವೆ, ಸುಳ್ಳಲ್ಲ. ಹಸಿವು ಕುಗ್ಗುತ್ತೆ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದದ್ದನ್ನು ಅದರ ಪರೀಕ್ಷೆಯೇ ತೋರಿಸಿದೆ. ಅದು ಡಾಕ್ಟರ್ ನೋಡಿ ಬರೆಯುವ ಔಷಧ, ಜಿಮ್‌ನಲ್ಲಿ ಪಕ್ಕದ ಬೆಂಚಿನವನು ಹೇಳುವ ಮಾತಲ್ಲ.

ನಿನ್ನ ಗುರಿ ಬದಲಿಸು. ಹದಿನೈದು ಕಿಲೋ ಬಿಡು. ತೂಕದ ಶೇ. 5ರಿಂದ 10 ಇಳಿದರೂ ಬಿಪಿ, ಸಕ್ಕರೆ, ಲಿವರಿನ ಕೊಬ್ಬು ಎಲ್ಲ ಸುಧಾರಿಸುತ್ತೆ. ನಿನಗೆ ಅದು ನಾಲ್ಕರಿಂದ ಎಂಟು ಕಿಲೋ. ವಾರಕ್ಕೆ ಅರ್ಧ ಕಿಲೋ ಸಾಕು. ರಾತ್ರಿ ಊಟವನ್ನು ಎಂಟಕ್ಕೆ ಅಂಗಡಿಗೇ ತರಿಸಿಕೋ, ತಮ್ಮನನ್ನು ಗಾದಿ ಮೇಲೆ ಕೂರಿಸಿ ಹದಿನೈದು ನಿಮಿಷ ಬಜಾರಿನಲ್ಲೇ ಅಡ್ಡಾಡು. ಊಟ ಆದ ಮೇಲಿನ ನಡಿಗೆಗೆ ಸಕ್ಕರೆ ಚೆನ್ನಾಗಿ ಇಳಿಯುತ್ತೆ. ಚಾ ಎಂಟರಿಂದ ಮೂರಕ್ಕೆ ಬರಲಿ, ಇದು ನಿನಗೆ ಎಲ್ಲಕ್ಕಿಂತ ಕಷ್ಟ ಆಗುವುದು, ಗೊತ್ತು.

ಭಾರ ಎತ್ತುವುದಕ್ಕೂ ಮೊದಲು ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಥೈರಾಯ್ಡ್, ಲಿಪಿಡ್ (ರಕ್ತದ ಕೊಬ್ಬು), ಲಿವರ್ ಪರೀಕ್ಷೆ ಮಾಡಿಸು. ನಿಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಅದನ್ನೂ ಡಾಕ್ಟರಿಗೆ ಹೇಳು. ರಿಪೋರ್ಟ್ ಬಂದ ಮೇಲೆ ಫೋನ್ ಮಾಡು, ಅಂಗಡಿಯಿಂದ ಬೇಡ, ಮನೆಯಿಂದ. ಈ ರವಿವಾರ ಮಾತ್ರ ಬೇಡ, ಜಮಖಂಡಿಯಲ್ಲಿ ಮದುವೆ ಇದೆ.

ನಿನ್ನ ಗೆಳೆಯ,
ವಿಜಯಪುರ