ಆ ಇನ್ನೊಂದು ಕುರ್ಚಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಅವಸರದಲ್ಲಿ ಏನೋ ಒಂದು ಉತ್ತರ ಹೇಳಿಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. "ದೊಡ್ಡಮ್ಮ, ನಮ್ಮ ಚಾನೆಲ್ಲಿನಲ್ಲಿ ಹವಾಮಾನ ಬದಲಾವಣೆ ಮೇಲೆ ಚರ್ಚೆ ಇಟ್ಟಿದ್ದೇವೆ. ವಿಜ್ಞಾನಿಯೊಬ್ಬರು ಬರ್ತಾರೆ. ಇದೆಲ್ಲ ಸುಳ್ಳು ಅನ್ನೋರು ಒಬ್ಬರಾದರೂ ಎದುರಿಗೆ ಕೂರಲೇಬೇಕು ಅಂತ ಮೇಲಿನವರು ಹೇಳಿದ್ದಾರೆ. ಯಾರೂ ಸಿಗ್ತಿಲ್ಲ, ಏನು ಮಾಡಲಿ?" ಅಂದೆ. "ಸಿಗದಿದ್ದರೆ ಬಿಡು" ಅಂದೆ ನಾನು. ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಶೀರ್ಷಿಕೆ ಕೊಟ್ಟವಳು ನಿನಗೆ ಅದಕ್ಕಿಂತ ಹೆಚ್ಚಿನದನ್ನು ಹೇಳಬೇಕು. ಅದಕ್ಕೇ ಈ ಪತ್ರ.

ನಿನ್ನ ಮೇಲಿನವರನ್ನು ಕೆಟ್ಟವರು ಅಂದುಕೊಳ್ಳಬೇಡ. ಎರಡೂ ಕಡೆಯವರ ಮಾತು ಕೇಳು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಕಾರ್ಮಿಕರು ಒಂದು ಹೇಳಿ ಆಡಳಿತ ಮಂಡಳಿ ಇನ್ನೊಂದು ಹೇಳಿದಾಗ ಎರಡನ್ನೂ ಬರೆಯಲೇಬೇಕು. ಈ ಪಾಠ ಮರೆತವರು ಯಾರದೋ ತುತ್ತೂರಿಯಾಗುತ್ತಾರೆ. ಆದರೆ ಪಾಠ ಹುಟ್ಟಿದ್ದು ಅಭಿಪ್ರಾಯಗಳಿಗಾಗಿ, ಹಕ್ಕು ಬಾಧ್ಯತೆಗಳಿಗಾಗಿ. ಅಳತೆಗೋಲು ಹಿಡಿದು ಅಳೆದಿಟ್ಟಿದ್ದಕ್ಕೆ ಅದನ್ನು ಅನ್ವಯಿಸಿದಾಗ ಏನಾಗುತ್ತದೆ ಅನ್ನುವುದಕ್ಕೆ ಒಂದು ಅಧ್ಯಯನವೇ ಇದೆ. ಅಮೆರಿಕದ ನಾಲ್ಕು ದೊಡ್ಡ ಪತ್ರಿಕೆಗಳಲ್ಲಿ 1988ರಿಂದ 2002ರವರೆಗೆ ಬಂದ ವರದಿಗಳಿಂದ 636ನ್ನು ಆರಿಸಿ, ಮ್ಯಾಕ್ಸ್‌ವೆಲ್ ಬಾಯ್ಕಾಫ್ ಮತ್ತು ಜೂಲ್ಸ್ ಬಾಯ್ಕಾಫ್ ಎಂಬ ಸಂಶೋಧಕರು ಒಂದೊಂದಾಗಿ ಓದಿದರು. ತಾಪಮಾನ ಏರಿಕೆಗೆ ಮನುಷ್ಯ ಕಾರಣ ಎಂಬುದಕ್ಕೂ, ಇದು ಪ್ರಕೃತಿಯ ಸಹಜ ಏರಿಳಿತ ಎಂಬುದಕ್ಕೂ ಸರಿಸುಮಾರು ಸಮಾನ ಜಾಗ ಕೊಟ್ಟ ವರದಿಗಳೇ ಅರ್ಧಕ್ಕಿಂತ ಹೆಚ್ಚು. 2004ರಲ್ಲಿ ಇದನ್ನು ಪ್ರಕಟಿಸಿದಾಗ ಅವರು ಇಟ್ಟ ಹೆಸರು 'ಸಮತೋಲನವೇ ಪಕ್ಷಪಾತ' ಎಂಬ ಅರ್ಥದ್ದು. ಆ ವರದಿಗಾರರಲ್ಲಿ ಹೆಚ್ಚಿನವರು ಸುಳ್ಳು ಬರೆದಿರಲಿಕ್ಕಿಲ್ಲ. ಇಂಥವರು ಹೀಗೆಂದರು, ಅಂಥವರು ಹಾಗೆಂದರು. ಸಾಲು ಸಾಲಾಗಿ ನೋಡಿದರೆ ಎಲ್ಲವೂ ಸರಿ. ಒಟ್ಟು ಚಿತ್ರ ಮಾತ್ರ ತಪ್ಪು.

ಅದೇ ಅವಧಿಯಲ್ಲಿ, ಅದರ ನಂತರವೂ, ವಿಜ್ಞಾನ ಎಲ್ಲಿತ್ತು ನೋಡು. ಹವಾಮಾನ ಬದಲಾವಣೆಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಾಮರ್ಶಿಸುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ 1995ರಲ್ಲಿ ಮನುಷ್ಯನ ಪ್ರಭಾವ ಗುರುತಿಸುವಷ್ಟು ಕಾಣುತ್ತಿದೆ ಎಂದಷ್ಟೇ ಹೇಳಿತು. 2007ರ ಹೊತ್ತಿಗೆ ಶೇ 90ಕ್ಕಿಂತ ಹೆಚ್ಚಿನ ಭರವಸೆಯಿಂದ ಮಾತಾಡಿತು, 2013ರಲ್ಲಿ ಶೇ 95. 2021ರಲ್ಲಿ ಭೂಮಿ, ಸಾಗರ, ವಾತಾವರಣಗಳು ಬಿಸಿಯಾಗಿರುವುದು ಮನುಷ್ಯನಿಂದಲೇ, ಸಂಶಯಕ್ಕೆ ಎಡೆಯಿಲ್ಲ ಎಂದಿತು. ಇದೇನು ಯಾರೋ ಕೈಯೆತ್ತಿ ಮತ ಹಾಕಿದ್ದಲ್ಲ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡಿನವು. ಈಗ 420 ದಾಟಿದೆ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಕೆಳಗಿನ ಪದರದ ಜೊತೆ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅಳೆದು ನೋಡಿದರೆ ಕೆಳಗೆ ಬಿಸಿ ಏರಿದೆ, ಮೇಲೆ ಸ್ತರಗೋಳದಲ್ಲಿ ತಂಪಾಗಿದೆ. ಶಾಖ ಕೆಳಗೇ ಸಿಕ್ಕಿಕೊಂಡಿದೆ ಅನ್ನುವುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ನನಗೆ ಸಿಕ್ಕಿಲ್ಲ. ನಿನ್ನ ನಿರೂಪಕರಿಗೆ ಇದೊಂದನ್ನು ಬರೆದು ಕೊಡು.

ಇನ್ನು ವಿಜ್ಞಾನಿಯ ಎದುರಿನ ಆ ಕುರ್ಚಿಯ ಮಾತು. ಅದು ತಾನಾಗಿ ಬಂದು ಕೂತಿದ್ದಲ್ಲ, ತಂದು ಇಟ್ಟಿದ್ದು. 1969ರಲ್ಲಿ ಅಮೆರಿಕದ ತಂಬಾಕು ಕಂಪನಿಯೊಂದರ ಒಳಟಿಪ್ಪಣಿಯಲ್ಲಿ 'ಸಂಶಯವೇ ನಮ್ಮ ಸರಕು' ಎಂಬ ಅರ್ಥದ ಸಾಲು ಇತ್ತು. ಸಿಗರೇಟು ಒಳ್ಳೆಯದು ಎಂದು ಸಾಬೀತು ಮಾಡುವ ಕಷ್ಟ ಅವರಿಗೆ ಬೇಕಿರಲಿಲ್ಲ. ಕೆಟ್ಟದ್ದೆಂದು ಇನ್ನೂ ತೀರ್ಮಾನವಾಗಿಲ್ಲ ಎಂದು ಜನ ಅಂದುಕೊಂಡರೆ ಸಾಕಿತ್ತು. 1998ರಲ್ಲಿ ಅಮೆರಿಕದ ಪೆಟ್ರೋಲಿಯಂ ಉದ್ಯಮದ ಸಂಘಟನೆಯ ಸುತ್ತ ತಯಾರಾದ ಯೋಜನೆಯೂ ಹಾಗೇ ಬರೆದಿಟ್ಟಿತ್ತು: ಹವಾಮಾನ ವಿಜ್ಞಾನದ ಅನಿಶ್ಚಿತತೆಗಳು ಸಾಮಾನ್ಯ ಜನರ ತಿಳಿವಳಿಕೆಯ ಭಾಗವಾದ ದಿನ ನಮಗೆ ಗೆಲುವು. ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು 1977ರಿಂದ ಮಾಡಿಕೊಂಡು ಬಂದ ತಾಪಮಾನ ಏರಿಕೆಯ ಮುನ್ನಂದಾಜುಗಳು ಬಹುಪಾಲು ನಿಜವಾದವು ಎಂದು 2023ರಲ್ಲಿ 'ಸೈನ್ಸ್' ಪತ್ರಿಕೆಯ ಅಧ್ಯಯನ ತೋರಿಸಿತು. ಒಳಗೆ ಗೊತ್ತಿತ್ತು, ಹೊರಗೆ ಸಂಶಯ ಬಿತ್ತುತ್ತಿದ್ದರು. ರಾಜಕೀಯವೂ ಇದನ್ನು ಕಲಿಯಿತು. ವೈಜ್ಞಾನಿಕ ಖಚಿತತೆ ಇಲ್ಲ ಎಂಬುದನ್ನೇ ಮುಂದಿಡಿ ಎಂದು 2002ರ ಸುಮಾರಿಗೆ ರಿಪಬ್ಲಿಕನ್ ಪಕ್ಷಕ್ಕೆ ಟಿಪ್ಪಣಿ ಬರೆದುಕೊಟ್ಟ ಸಲಹೆಗಾರ ಫ್ರಾಂಕ್ ಲುಂಟ್ಜ್, 2019ರಲ್ಲಿ ಸೆನೆಟ್ ಸಮಿತಿಯೊಂದರ ಮುಂದೆ ತಾನು ತಪ್ಪು ಮಾಡಿದೆ ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡತನವೇ. ಆದರೆ ನಡುವೆ ಹದಿನೇಳು ವರ್ಷ ಹೋಯಿತಲ್ಲ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇವರಿಗೆ ವಾದದಲ್ಲಿ ಗೆಲ್ಲುವುದು ಬೇಕಿರಲಿಲ್ಲ ಪುಟ್ಟೀ, ವಾದ ಮುಗಿಯಬಾರದಿತ್ತು ಅಷ್ಟೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ನಮ್ಮ ಸುದ್ದಿಮನೆಗಳ ಅಭ್ಯಾಸ ಅವರಿಗೆ ಪುಕ್ಕಟೆಯಾಗಿ ಒದಗಿತು.

ನಾನೂ ಒದಗಿಸಿದ್ದೇನೆ. ಇದನ್ನು ನಿನಗೆ ಹೇಳಿರಲಿಲ್ಲ.

2009ರ ನವೆಂಬರ್. ಕೋಪನ್‌ಹೇಗನ್‌ನಲ್ಲಿ ನಡೆಯಲಿದ್ದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಕೆಲವೇ ವಾರ ಇರುವಾಗ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿಗಳ ಇಮೇಲ್‌ಗಳನ್ನು ಯಾರೋ ಕದ್ದು ಹೊರಗೆ ಹಾಕಿದರು. ಒಂದರಲ್ಲಿ 'ಟ್ರಿಕ್' ಎಂಬ ಪದ, 'ಇಳಿಕೆಯನ್ನು ಮರೆಮಾಡಲು' ಎಂಬ ಮಾತು. ಸುದ್ದಿಸಂಸ್ಥೆಯ ವರದಿ ರಾತ್ರಿ ನನ್ನ ಮೇಜಿಗೆ ಬಂತು. 'ತಾಪಮಾನ ಏರಿಕೆ: ವಿಜ್ಞಾನಿಗಳ ಕೈಚಳಕ ಬಯಲು?' ಅಂತ ಶೀರ್ಷಿಕೆ ಕೊಟ್ಟೆ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆನಲ್ಲ, ಅದು ನನ್ನನ್ನು ಕಾಪಾಡುತ್ತದೆ ಅಂದುಕೊಂಡಿದ್ದೆ. ಮುಖಪುಟದಲ್ಲಿ ಬಂತು, ಮೂರು ಕಾಲಂ. ಮರದ ಕಾಂಡದೊಳಗಿನ ವರ್ಷದ ಉಂಗುರಗಳಿಂದ ಹಳೆಯ ತಾಪಮಾನ ಅಂದಾಜು ಮಾಡುವ ವಿಧಾನ 1960ರ ನಂತರ ಕೆಲವು ಕಡೆ ಥರ್ಮಾಮೀಟರಿನ ಲೆಕ್ಕಕ್ಕೆ ತಾಳೆಯಾಗುವುದಿಲ್ಲ, ಥರ್ಮಾಮೀಟರ್ ಏರಿಕೆ ತೋರಿಸಿದರೆ ಉಂಗುರಗಳು ಇಳಿಕೆ ತೋರಿಸುತ್ತವೆ. ಆ ಇಮೇಲಿನ 'ಇಳಿಕೆ' ಅದು, ಭೂಮಿಯ ತಾಪಮಾನದ ಇಳಿಕೆಯಲ್ಲ. ಹಾಗೆ ತಾಳೆಯಾಗದಿರುವುದನ್ನು ವಿಜ್ಞಾನಿಗಳು ಅದಕ್ಕೂ ಮೊದಲೇ ಪ್ರಬಂಧಗಳಲ್ಲಿ ಚರ್ಚಿಸಿದ್ದರು. ಅರ್ಧ ಗಂಟೆ ಹುಡುಕಿದ್ದರೆ ನನಗೂ ಸಿಗುತ್ತಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹೊಸಬರಿಗೆ ಹೇಳಿಕೊಡುತ್ತಿದ್ದವಳು ನಾನೇ.

ಮರುವರ್ಷ ಬ್ರಿಟನ್ನಿನಲ್ಲಿ ಒಂದಾದ ಮೇಲೊಂದು ತನಿಖೆ ನಡೆಯಿತು. ಸಂಸತ್ತಿನ ಸಮಿತಿಯೂ ನೋಡಿತು, ಸ್ವತಂತ್ರ ಸಮಿತಿಗಳೂ ನೋಡಿದವು. ಮಾಹಿತಿ ಹಂಚಿಕೊಳ್ಳುವುದರಲ್ಲಿ ವಿಜ್ಞಾನಿಗಳು ಸಾಕಷ್ಟು ಮುಕ್ತವಾಗಿರಲಿಲ್ಲ ಎಂದು ಆಕ್ಷೇಪಿಸಿದವು, ಪ್ರಾಮಾಣಿಕತೆಯ ಬಗ್ಗೆ ಮಾತ್ರ ಸಂಶಯವಿಲ್ಲ ಎಂದವು. ಆ ಸುದ್ದಿ ಬಂದಾಗಲೂ ಡೆಸ್ಕಿನಲ್ಲಿದ್ದವಳು ನಾನೇ. ಒಳಪುಟಕ್ಕೆ ಹಾಕಿದೆ, ಸಿಂಗಲ್ ಕಾಲಂ. ಮುಖಪುಟ ಓದಿದವರಲ್ಲಿ ಎಷ್ಟು ಜನ ಅದನ್ನು ಓದಿರಬಹುದು? ಪಕ್ಷಪಾತ ಅಂದರೆ ಯಾರೋ ದುಡ್ಡು ಕೊಟ್ಟು ಬರೆಸುವುದು ಅಂತ ನೀವು ಕಾಲೇಜಿನಲ್ಲಿ ಓದಿರುತ್ತೀರಿ. ನನಗೆ ಯಾರೂ ಒಂದು ಪೈಸೆ ಕೊಟ್ಟಿರಲಿಲ್ಲ.

ಇದನ್ನು ಓದಿ ಇನ್ನೊಂದು ದಿಕ್ಕಿಗೆ ವಾಲಬೇಡ. ಭಯ ಹುಟ್ಟಿಸುವುದೂ ಪಕ್ಷಪಾತವೇ. 2035ರ ಹೊತ್ತಿಗೆ ಹಿಮಾಲಯದ ಹಿಮನದಿಗಳು ಕಾಣೆಯಾಗಬಹುದು ಎಂದು ಐಪಿಸಿಸಿಯ 2007ರ ವರದಿಯಲ್ಲೇ ಇತ್ತು. ಬೇರು ಹುಡುಕಿಕೊಂಡು ಹೋದರೆ ಪರಿಸರ ಸಂಸ್ಥೆಯೊಂದರ ವರದಿ, ಅದರ ಹಿಂದೆ 1999ರ ವಿಜ್ಞಾನ ಪತ್ರಿಕೆಯೊಂದರ ಸುದ್ದಿ. ಪರಿಶೀಲನೆಗೊಳಗಾದ ಸಂಶೋಧನೆ ಯಾವುದೂ ಇರಲಿಲ್ಲ. 2010ರ ಜನವರಿಯಲ್ಲಿ ಐಪಿಸಿಸಿ ತಪ್ಪೊಪ್ಪಿಕೊಂಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎರಡೂ ಕಡೆ ಇದ್ದಾರೆ. 2018ರ ಐಪಿಸಿಸಿ ವರದಿ, ಏರಿಕೆಯನ್ನು 1.5 ಡಿಗ್ರಿಯೊಳಗೆ ನಿಲ್ಲಿಸಬೇಕಾದರೆ 2030ರೊಳಗೆ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2010ರ ಮಟ್ಟಕ್ಕಿಂತ ಸುಮಾರು ಶೇ 45 ಇಳಿಯಬೇಕು ಎಂದಿತ್ತು. ಅದು ಎಷ್ಟೋ ಕಡೆ 'ಭೂಮಿ ಉಳಿಸಲು ಹನ್ನೆರಡೇ ವರ್ಷ' ಆಯಿತು. ಹನ್ನೆರಡು ವರ್ಷ ಕಳೆದು ಭೂಮಿ ಇದ್ದಲ್ಲೇ ಇದ್ದರೆ ಜನ ಯಾರನ್ನು ನಂಬಬೇಕು? 2024 ಕೈಗಾರಿಕಾ ಕ್ರಾಂತಿಗೆ ಮುಂಚಿನ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಬಿಸಿಯಾಗಿತ್ತು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದಾಗಲೂ, ಏರಿಕೆಯನ್ನು 1.5 ಡಿಗ್ರಿಗೆ ತಡೆಯಲು ಯತ್ನಿಸುವ 2015ರ ಪ್ಯಾರಿಸ್ ಒಪ್ಪಂದ ಸತ್ತೇಹೋಯಿತು ಎಂಬಂತೆ ಬರೆದವರಿದ್ದಾರೆ. ಒಪ್ಪಂದದ ಮಿತಿ ಒಂದು ವರ್ಷದ್ದಲ್ಲ, ದೀರ್ಘಾವಧಿಯ ಸರಾಸರಿಯದು.

ನಮ್ಮ ಕನ್ನಡ ಸುದ್ದಿಯದೇ ಒಂದು ಓರೆ ಇದೆ, ಅದನ್ನು ಬೇರೆ ಯಾರೂ ನಿನಗೆ ಹೇಳಲಿಕ್ಕಿಲ್ಲ. ಪ್ರವಾಹ ಬಂದರೆ 'ವರುಣನ ಆರ್ಭಟ', ಮಳೆ ಕೈಕೊಟ್ಟರೆ 'ವರುಣನ ಅವಕೃಪೆ', ಬಿಸಿಲೇರಿದರೆ 'ಸೂರ್ಯನ ಪ್ರತಾಪ', ಗುಡ್ಡ ಕುಸಿದರೆ 'ಮುನಿದ ಪ್ರಕೃತಿ'. ಇಂಥವನ್ನು ನಾನೇ ನೂರಾರು ಕೊಟ್ಟಿದ್ದೇನೆ, ಕಾಲಂ ಅಳತೆಗೆ ಚೆನ್ನಾಗಿ ಕೂರುತ್ತವೆ. ಆದರೆ ದೇವರು ಮುನಿದ ಮೇಲೆ ಮನುಷ್ಯನನ್ನು ಕೇಳುವುದೇನಿದೆ? ಗುಡ್ಡ ಕಡಿದವನೂ ತಪ್ಪಿಸಿಕೊಂಡ, ಹೊಗೆ ಬಿಟ್ಟವನೂ ತಪ್ಪಿಸಿಕೊಂಡ. ಇನ್ನೊಂದು, 'ಹವಾಮಾನ' ಅನ್ನುವ ಒಂದೇ ಪದದಲ್ಲಿ ಇವತ್ತಿನ ಮಳೆ ಮೋಡವನ್ನೂ ಹೇಳುತ್ತೇವೆ, ಮೂವತ್ತು ವರ್ಷದ ಸರಾಸರಿಯನ್ನೂ ಹೇಳುತ್ತೇವೆ. ಎರಡನೆಯದಕ್ಕೆ ಭೂಗೋಳದ ಪಾಠದಲ್ಲಿ 'ವಾಯುಗುಣ' ಎಂಬ ಚೆಂದದ ಪದವಿತ್ತು, ನಾವೇ ಬಿಟ್ಟೆವು. 'ಹವಾಮಾನ ವೈಪರೀತ್ಯದಿಂದ ವಿಮಾನ ವಿಳಂಬ' ಅನ್ನುವ ಬಾಯಲ್ಲೇ ಶತಮಾನದ ಬದಲಾವಣೆಯನ್ನೂ ಹವಾಮಾನ ವೈಪರೀತ್ಯ ಅಂದರೆ ಕೇಳುವವರಿಗೆ ಎರಡೂ ಒಂದೇ ಆಗುತ್ತದೆ. 2015ರಲ್ಲಿ ಸೆನೆಟರ್ ಜೇಮ್ಸ್ ಇನ್ಹೋಫ್ ಅಮೆರಿಕದ ಸೆನೆಟ್ಟಿಗೆ ಹಿಮದ ಉಂಡೆ ತಂದು, ಹೊರಗೆ ಎಷ್ಟು ಚಳಿಯಿದೆ ನೋಡಿ ಎಂದು ತೋರಿಸಿದ್ದು ಇದೇ ಗೊಂದಲದ ಬಲದ ಮೇಲೆ.

ಒಂದು ನೆರೆಗೆ ಅಥವಾ ಸೆಕೆಗೆ ಹವಾಮಾನ ಬದಲಾವಣೆ ಕಾರಣವೇ ಅಂತ ಪರದೆಯ ಮೇಲೆ ಹಾಕುವ ಮೊದಲು ಆ ನಿರ್ದಿಷ್ಟ ಘಟನೆಯ ಅಧ್ಯಯನ ಆಗಿದೆಯೇ ನೋಡು. 2022ರ ಮಾರ್ಚ್–ಏಪ್ರಿಲ್‌ನಲ್ಲಿ ಭಾರತ, ಪಾಕಿಸ್ತಾನಗಳಲ್ಲಿ ಬೀಸಿದ ಬಿಸಿಗಾಳಿಯ ಸಂಭವವನ್ನು ಹವಾಮಾನ ಬದಲಾವಣೆ ಸುಮಾರು 30 ಪಟ್ಟು ಹೆಚ್ಚಿಸಿತ್ತು ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ ಲೆಕ್ಕ ಹಾಕಿ ಹೇಳಿದೆ. ಹಾಗೆ ಹೇಳಲು ಬರುತ್ತದೆ. ಲೆಕ್ಕವಿಲ್ಲದಿದ್ದರೆ ಸುಮ್ಮನಿರಬೇಕು.

ಹಾಗಾದರೆ ಆ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತೀ? ನನ್ನ ಉತ್ತರ ಇದು: ಕುರ್ಚಿ ಇರಲಿ, ಪ್ರಶ್ನೆ ಬದಲಾಯಿಸು. ತೀರ್ಮಾನವಾದದ್ದನ್ನು ಗಂಟೆಗಟ್ಟಲೆ ಚರ್ಚಿಸಿ, ಚರ್ಚೆಯಾಗಲೇಬೇಕಾದ್ದನ್ನು ಕೊನೆಯ ಎರಡು ನಿಮಿಷಕ್ಕೆ ತಳ್ಳುತ್ತಿದ್ದೇವೆ. ಹೊಗೆ ತಗ್ಗಿಸುವ ಹೊರೆ ಯಾರ ಹೆಗಲಿಗೆ? ಇಲ್ಲಿ ನಿಜವಾದ ಜಗಳವಿದೆ, ಇಲ್ಲಿ ಎರಡಲ್ಲ, ಐದು ಪಕ್ಷಗಳಿವೆ. 1991ರಲ್ಲೇ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಕೇಳಿದ್ದರು: ಬಡ ರೈತನ ಗದ್ದೆಯಿಂದ ಬರುವ ಮೀಥೇನನ್ನೂ ಶ್ರೀಮಂತ ದೇಶದ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ಕಲ್ಲಿದ್ದಲು, ತೈಲ, ಅನಿಲ ಸುಟ್ಟು ಈವರೆಗೆ ಗಾಳಿಗೆ ಸೇರಿಸಿದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದು, ಭಾರತದ್ದು ಶೇ 3ರ ಆಸುಪಾಸು. ಆದರೆ ಇವತ್ತು ವರ್ಷದ ಲೆಕ್ಕದಲ್ಲಿ ಭಾರತ ಮೂರನೇ ಸ್ಥಾನದಲ್ಲಿದೆ. ಎರಡೂ ನಿಜ. ಒಬ್ಬೊಬ್ಬ ರಾಜಕಾರಣಿಯೂ ತನಗೆ ಬೇಕಾದ ಒಂದನ್ನು ಹಿಡಿದುಕೊಂಡು ಬರುತ್ತಾನೆ, ಇನ್ನೊಂದನ್ನು ಅವನ ಮುಂದಿಡುವುದು ನಿನ್ನ ಕೆಲಸ.

2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದ ಕೊನೆಯ ಗಳಿಗೆ ನೆನಪಿರಬಹುದು. ಕಲ್ಲಿದ್ದಲಿನ ಬಳಕೆ 'ಕೊನೆಗಾಣಿಸುವುದು' ಎಂದಿದ್ದುದು ಭಾರತದ ಒತ್ತಾಯದಿಂದ 'ಕಡಿಮೆ ಮಾಡುವುದು' ಆಯಿತು. ಪಶ್ಚಿಮದ ಎಷ್ಟೋ ವರದಿಗಳಲ್ಲಿ ಭಾರತ ಖಳನಾಯಕ, ಇಲ್ಲಿನ ಎಷ್ಟೋ ವರದಿಗಳಲ್ಲಿ ವೀರ. ಕಲ್ಲಿದ್ದಲಿನ ಬಗ್ಗೆ ಅಷ್ಟು ಹಟ ಹಿಡಿದ ಆ ಪಠ್ಯ ತೈಲ ಮತ್ತು ಅನಿಲದ ಬಳಕೆ ತಗ್ಗಿಸುವ ಮಾತನ್ನೇ ಆಡಲಿಲ್ಲವಲ್ಲ, ಯಾಕೆ? ಈ ಪ್ರಶ್ನೆಗೆ ಸಿಗಬೇಕಾದಷ್ಟು ಜಾಗ ಎರಡೂ ಕಡೆ ಸಿಗಲಿಲ್ಲ. ಕಲ್ಲಿದ್ದಲು ಗಣಿಯ ಕಾರ್ಮಿಕ ಮುಖಂಡರೊಬ್ಬರನ್ನು ಕರೆ. ವಿದ್ಯುತ್ ಅರ್ಥಶಾಸ್ತ್ರ ಬಲ್ಲವರನ್ನು ಕರೆ. ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಎಂದು ಶ್ರೀಮಂತ ದೇಶಗಳು 2009ರಲ್ಲಿ ಕೊಟ್ಟ ಮಾತಿನಲ್ಲಿ ಎಷ್ಟು ಸಾಲ, ಎಷ್ಟು ನೆರವು ಅಂತ ಬಿಡಿಸಿ ಹೇಳುವವರನ್ನು ಕರೆ. ಅಣುಶಕ್ತಿ ಬೇಕು ಅನ್ನುವವರೂ ಬೇಡ ಅನ್ನುವವರೂ ಬರಲಿ. ವಿಜ್ಞಾನದೊಳಗೂ ಮುಗಿಯದ ಪ್ರಶ್ನೆಗಳಿವೆ: ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ 2.5 ಡಿಗ್ರಿ ಏರುತ್ತದೋ 4 ಡಿಗ್ರಿಯೋ ಎಂಬುದು ಅವರಲ್ಲೇ ಇನ್ನೂ ಚರ್ಚೆಯಲ್ಲಿದೆ. ಪ್ರಶ್ನೆ ಕೇಳುವವರೆಲ್ಲರನ್ನೂ ನಿರಾಕರಿಸುವವರ ಸಾಲಿಗೆ ತಳ್ಳಬೇಡ.

ಮೇಲಿನವರ ಜೊತೆ ಜಗಳಕ್ಕೆ ಹೋಗಬೇಡ, ನೀನು ಸೇರಿ ಇನ್ನೂ ವರ್ಷವಾಗಿಲ್ಲ. ಅರ್ಧ ಪುಟ ಟಿಪ್ಪಣಿ ಬರೆದು ಕೊಡು. ಬಿಬಿಸಿಯ ಕಥೆ ಅದರಲ್ಲಿರಲಿ. 2017ರಲ್ಲಿ ಅವರ ರೇಡಿಯೊ ಕಾರ್ಯಕ್ರಮದಲ್ಲಿ ಬ್ರಿಟನ್ನಿನ ಮಾಜಿ ಹಣಕಾಸು ಸಚಿವ ನೈಜೆಲ್ ಲಾಸನ್, ಕಳೆದ ಹತ್ತು ವರ್ಷದಲ್ಲಿ ಜಾಗತಿಕ ತಾಪಮಾನ ಸ್ವಲ್ಪ ಇಳಿದಿದೆ ಅಂದರು, ನಿರೂಪಕರು ಸುಮ್ಮನಿದ್ದರು. ಅದು ನಿಯಮದ ಉಲ್ಲಂಘನೆ ಎಂದು ಮರುವರ್ಷ ಪ್ರಸಾರ ನಿಯಂತ್ರಕ ಆಫ್‌ಕಾಮ್ ತೀರ್ಪು ಕೊಟ್ಟಿತು. ಅದೇ ವರ್ಷ ಬಿಬಿಸಿ ತನ್ನ ಸಿಬ್ಬಂದಿಗೆ ತಿಳಿಸಿತು: ನಿಷ್ಪಕ್ಷಪಾತಕ್ಕಾಗಿ ನಿರಾಕರಿಸುವವರನ್ನು ಕರೆತರಬೇಕಿಲ್ಲ, ಮುಗಿದ ಫುಟ್‌ಬಾಲ್ ಪಂದ್ಯದ ಫಲಿತಾಂಶ ಅಲ್ಲಗಳೆಯುವವರನ್ನು ಯಾರೂ ಕರೆತರುವುದಿಲ್ಲವಲ್ಲ. ನಿನ್ನ ಮಾತಿಗಿಂತ ಅವರ ಮಾತಿಗೆ ತೂಕ ಹೆಚ್ಚು. ಆದರೂ ಕೂರಿಸಲೇಬೇಕು ಅಂದರೆ, ಅತಿಥಿ ಎಲ್ಲಿಂದ ಬಂದವರು, ಅವರ ಸಂಸ್ಥೆಗೆ ಹಣ ಎಲ್ಲಿಂದ ಬರುತ್ತದೆ ಅನ್ನುವುದು ಅವರ ಹೆಸರಿನ ಕೆಳಗೆ ಪರದೆಯ ಮೇಲಿರಲಿ. ಅವರು ಒಂದು ಅಂಕಿ ಹೇಳಿದರೆ ಅದನ್ನು ತಾಳೆ ನೋಡುವ ಅಂಕಿ ನಿರೂಪಕರ ಕೈಯಲ್ಲಿರಲಿ. ವಿಜ್ಞಾನಿಯನ್ನು ಕೂಗಾಟಕ್ಕೆ ಎಳೆಯಬೇಡಿ, ಅವರು ಕೂಗಲಾರರು, ಸೋತಂತೆ ಕಾಣುತ್ತಾರೆ.

ಆ ಎರಡು ಕಟಿಂಗ್‌ಗಳು ನನ್ನ ಕಡತದಲ್ಲಿ ಇನ್ನೂ ಇವೆ, ಮುಖಪುಟದ್ದೂ ಒಳಪುಟದ್ದೂ. ಈ ಪತ್ರದ ಜೊತೆ ಇಟ್ಟಿದ್ದೇನೆ. ಬೇಕಿದ್ದರೆ ನಿನ್ನ ಮೇಲಿನವರಿಗೂ ತೋರಿಸು, ಹೆಸರು ಹೇಳಲು ನನ್ನ ಅಡ್ಡಿಯಿಲ್ಲ. ಚರ್ಚೆ ಮುಗಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ