ಮರುದಿನ ಬೆಳಿಗ್ಗೆ ಏನು ಮಾಡ್ತೀಯ ಬಸು?

ಬಸು,

ಮೊನ್ನೆ ರಾತ್ರಿ ಹನ್ನೆರಡಕ್ಕೆ ನಿನ್ನ ಫೋನ್ ಬಂದಾಗ ಎದೆ ಧಸಕ್ಕಂತು. ಏನೋ ಕೆಟ್ಟ ಸುದ್ದಿ ಅಂದುಕೊಂಡೆ. ನೀನು ನೋಡಿದರೆ, ದೊಡ್ಡಪ್ಪ, ಇವತ್ತು ಒಂದೇ ದಿನ ಮೂರು ಸಿನಿಮಾ ನೋಡಿದೆ, ಜೀವನ ನೋಡೋ ರೀತಿಯೇ ಬದಲಾಯ್ತು, ಈ ತಿಂಗಳೇ ಕೆಲಸ ಬಿಡ್ತೀನಿ ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಸಿನಿಮಾದಿಂದ ಯಾರೂ ಬದಲಾಗಲ್ಲ ಅನ್ನುವವನು ನಾನಲ್ಲ. ನನ್ನನ್ನೇ ಒಂದು ಸಿನಿಮಾ ಹಿಡಿದು ಅಲ್ಲಾಡಿಸಿದೆ.

ಅದು ಜಪಾನಿನದು, ‘ಇಕಿರು’. ಬದುಕುವುದು ಅಂತ ಅರ್ಥ. ಅಕಿರ ಕುರೊಸಾವ 1952ರಲ್ಲಿ ಮಾಡಿದ್ದು. ನಿನ್ನ ಅಕ್ಕ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟಿದ್ದಳು. ಆಗ ನಾನು ರಾಯಚೂರಿನಲ್ಲಿದ್ದೆ, ರಿಟೈರ್ ಆಗಲು ಎರಡು ವರ್ಷ ಬಾಕಿ. ಕೆಳಗೆ ಬರುವ ಇಂಗ್ಲಿಷ್ ಓದುವಷ್ಟರಲ್ಲಿ ಮುಖ ತಪ್ಪಿಹೋಗುತ್ತಿತ್ತು, ಹಾಗಾಗಿ ಎರಡು ಸಲ ನೋಡಿದೆ. ವಾತಾನಾಬೆ ಅಂತ ಒಬ್ಬ ಅಧಿಕಾರಿ. ಸುಮಾರು ಮೂವತ್ತು ವರ್ಷದಿಂದ ನಗರಸಭೆಯಲ್ಲಿ ಕಾಗದಕ್ಕೆ ಮುದ್ರೆ ಒತ್ತುತ್ತಾ ಕೂತಿದ್ದಾನೆ. ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆ. ಒಂದು ಓಣಿಯ ಹೆಂಗಸರು, ಮನೆ ಹತ್ರ ಕೊಳಚೆ ನೀರು ನಿಂತಿದೆ, ಅದನ್ನ ಮುಚ್ಚಿ ಮಕ್ಕಳಿಗೆ ಆಟದ ಜಾಗ ಮಾಡಿಕೊಡಿ ಅಂತ ಅರ್ಜಿ ತರುತ್ತಾರೆ. ಇವರು ಆ ಕೌಂಟರಿಗೆ ಹೋಗಿ ಅಂತಾರೆ, ಅವರು ಇನ್ನೊಂದಕ್ಕೆ ಹೋಗಿ ಅಂತಾರೆ, ಹೀಗೆ ಇಡೀ ಕಚೇರಿ ಸುತ್ತಿಸಿ ಕೊನೆಗೆ ಮೊದಲಿನ ಕೌಂಟರಿಗೇ ತಂದು ನಿಲ್ಲಿಸುತ್ತಾರೆ.

ಅಲ್ಲಿಗೆ ನಾನು ಸಿನಿಮಾ ನಿಲ್ಲಿಸಿದೆ. ಎದ್ದು ನೀರು ಕುಡಿದೆ.

ಯಾಕಂದ್ರೆ ದೇವದುರ್ಗದ ಕಡೆಯ ಒಬ್ಬ ಅಜ್ಜಿ ಕಣ್ಣ ಮುಂದೆ ಬಂದಳು. ವಿಧವಾ ವೇತನಕ್ಕೆ ಅಂತ ನನ್ನ ಮೇಜಿನ ಹತ್ರ ಬರುತ್ತಿದ್ದಳು. ರೇಷನ್ ಕಾರ್ಡನ್ನು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಅದನ್ನು ಬಿಚ್ಚಿ ತೆಗೆಯುವಷ್ಟರಲ್ಲಿ ನಾನು, ಸಾಹೇಬರಿಲ್ಲ ಸೋಮವಾರ ಬಾ ಅಂತಿದ್ದೆ. ತಲೆ ಕೂಡ ಎತ್ತುತ್ತಿರಲಿಲ್ಲ. ಎಷ್ಟು ಸೋಮವಾರ ಹಾಗೆ ಅಂದೆನೋ ಲೆಕ್ಕವಿಲ್ಲ. ಲಂಚ ಮುಟ್ಟಿದವನಲ್ಲ ನಾನು. ಹಾಗಾಗಿ ಒಳ್ಳೆಯ ಮನುಷ್ಯ ಅಂತಲೇ ತಿಳಿದುಕೊಂಡಿದ್ದೆ.

ಆ ಸಿನಿಮಾದಲ್ಲಿ ವಾತಾನಾಬೆ ಹಟ ಹಿಡಿದು ಪಾರ್ಕ್ ಮಾಡಿಸುತ್ತಾನೆ. ಆದರೆ ಕಥೆ ಇನ್ನೂ ಬಹಳ ಉಳಿದಿರುವಾಗಲೇ ಸತ್ತುಹೋಗುತ್ತಾನೆ. ಉಳಿದದ್ದೆಲ್ಲ ಅವನ ಸಾವಿನ ಮನೆಯಲ್ಲಿ. ಜೊತೆಯವರು ಕುಡಿಯುತ್ತಾ, ವಾದ ಮಾಡುತ್ತಾ, ಕೊನೆಗೆ ಅಳುತ್ತಾ, ಇನ್ನು ಮೇಲೆ ನಾವೂ ಅವನ ಹಾಗೇ ದುಡಿಯೋಣ ಅಂತ ಆಣೆ ಮಾಡುತ್ತಾರೆ. ಮರುದಿನ ಕಚೇರಿಯಲ್ಲಿ ಮತ್ತೆ ಅದೇ ಹಾಡು, ಆ ವಿಭಾಗಕ್ಕೆ ಹೋಗಿ. ಒಬ್ಬನೇ ಒಬ್ಬ ಸಿಟ್ಟಿನಿಂದ ಎದ್ದು ನಿಲ್ಲುತ್ತಾನೆ. ಎಲ್ಲರೂ ಅವನನ್ನೇ ನೋಡುತ್ತಾರೆ. ಮೆಲ್ಲಗೆ ಕೂತುಬಿಡುತ್ತಾನೆ, ಕಾಗದದ ರಾಶಿಯ ಹಿಂದೆ ಮುಖ ಮರೆಯಾಗುತ್ತೆ.

ಹಿಮ ಬೀಳುವಾಗ ವಾತಾನಾಬೆ ಜೋಕಾಲಿಯಲ್ಲಿ ಕೂತು ಹಾಡುವುದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಈ ಎದ್ದು ಕೂತವನೇ ಜಾಸ್ತಿ ಕಾಡುತ್ತಾನೆ. ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೂ ಅವನೇ ನೆನಪಾದ. ಸಿನಿಮಾ ಮುಗಿದ ರಾತ್ರಿ ಎಲ್ಲರಿಗೂ ಹಾಗೇ ಅನಿಸುತ್ತೆ. ಅದು ಸುಳ್ಳಲ್ಲ, ಆದರೆ ಅದರ ಮೇಲೆ ಕೆಲಸ ಬಿಡಬೇಡ. ಒಂದು ತಿಂಗಳು ತಡಿ. ಆ ಮೂರರಲ್ಲಿ ಯಾವುದು ಮುಂದಿನ ವಾರವೂ ನಿನ್ನ ಜೊತೆ ಬಸ್ಸಿನಲ್ಲಿ ಬಂದು ಕೂರುತ್ತೆ ನೋಡು. ಅದನ್ನು ನೋಡುವಾಗ ಯಾರ ಮುಖ ನೆನಪಾಯಿತು ಅಂತ ಯೋಚಿಸು. ಮೊದಲು ಅವರಿಗೊಂದು ಫೋನ್ ಮಾಡು. ಆಮೇಲೂ ಕೆಲಸ ಬಿಡಬೇಕು ಅನಿಸಿದರೆ ಬಿಡು, ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ.

ಇನ್ನೊಂದು ಮಾತು. ಒಂದೂವರೆ ಸ್ಪೀಡಿನಲ್ಲಿ ಓಡಿಸಿ ನೋಡಿದೆ ಅಂದೆಯಲ್ಲ, ಅದು ಬೇಡಪ್ಪ. ವಾತಾನಾಬೆ ಒಂದು ಮಾತು ಆಡಲು ಎಷ್ಟು ತಡವರಿಸುತ್ತಾನೆ ಅಂದ್ರೆ, ಅದನ್ನು ಓಡಿಸಿದರೆ ಆ ಮನುಷ್ಯನೇ ಉಳಿಯಲ್ಲ. ದಿನಕ್ಕೆ ಒಂದು ಸಾಕು. ಮುಗಿದ ಮೇಲೆ ಸುಮ್ನೆ ಒಂದು ಸುತ್ತು ನಡೆದು ಬಾ.

ನಾನೇನು ಮಾಡಿದೆ ಅಂತ ಕೇಳ್ತೀಯ. ದೊಡ್ಡದೇನಿಲ್ಲ. ನನ್ನ ಮೇಜಿನ ಮುಂದೆ ಬಂದವರಿಗೆ ಅಂತ ಒಂದು ಕುರ್ಚಿ ಹಾಕಿಸಿದೆ. ಆ ಅಜ್ಜಿ ಮುಂದಿನ ಸಲ ಬಂದಾಗ, ಕೂಡವ್ವ ಅಂದೆ. ಅವಳು ಕುರ್ಚಿ ಬಿಟ್ಟು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಕುರ್ಚಿಯ ಕಾಲು ಹಿಡಿದುಕೊಂಡಳು. ಅವತ್ತು ಅವಳ ಕಾಗದ ಹಿಡಿದು ನಾನೇ ಒಳಗೆ ಹೋದೆ.

ದೀಪಾವಳಿಗೆ ಕೊಪ್ಪಳಕ್ಕೆ ಬಾ. ದೊಡ್ಡವ್ವ ಮಂಡಾಳು ಒಗ್ಗರಣೆ, ಮಿರ್ಚಿ ಮಾಡ್ತಾಳೆ. ಬರುವಾಗ ‘ಬೈಸಿಕಲ್ ಥೀವ್ಸ್’ ತಗೊಂಡು ಬಾ. ಇಟಲಿಯ ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ಮಾಡಿದ್ದು, ಒಂದೂವರೆ ಗಂಟೆ ಅಷ್ಟೆ. ಗೋಡೆಗೆ ಪೋಸ್ಟರ್ ಹಚ್ಚುವ ಕೆಲಸ ಸಿಗಬೇಕಾದರೆ ಸೈಕಲ್ ಬೇಕು. ಅಡವಿಟ್ಟ ಸೈಕಲ್ ಬಿಡಿಸಲು ಹೆಂಡತಿ ಮನೆಯ ಹಾಸಿಗೆ ಬಟ್ಟೆಯನ್ನೆಲ್ಲ ಅಡವಿಡುತ್ತಾಳೆ. ಮೊದಲ ದಿನವೇ ಸೈಕಲ್ ಕಳುವಾಗುತ್ತೆ. ಅಪ್ಪ ಮಗ ಇಬ್ಬರೂ ರೋಮ್ ಪೂರ್ತಿ ಹುಡುಕುತ್ತಾ ಅಲೆಯುತ್ತಾರೆ. ನಿಮ್ಮಪ್ಪ ಗಂಗಾವತಿಯ ಅಕ್ಕಿ ಮಿಲ್ಲಿಗೆ ಎಷ್ಟು ವರ್ಷ ಸೈಕಲ್ ತುಳಿದ ಅಂತ ನಿನಗೆ ಗೊತ್ತಲ್ವಾ. ಅವನ ಪಕ್ಕ ಕೂತು ನೋಡು. ಅವನಿಗೆ ಇಂಗ್ಲಿಷ್ ಓದೋಕೆ ಬರಲ್ಲ, ಒಂದೊಂದು ಸಾಲೂ ನೀನೇ ಕನ್ನಡದಲ್ಲಿ ಹೇಳು.

ನಿನ್ನ ದೊಡ್ಡಪ್ಪ